ಬ್ಯಾಂಕ್ ಆಫೀಸರನ ಮಕ್ಕಳು

೧೯೯೭ರ ಜೂನ್‌ನಲ್ಲಿ ನಾನು ಹುಬ್ಬಳ್ಳಿಯ ಒಂದು ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲಿಗೆ ಇಂಗ್ಲಿಷ್ ಸಹಶಿಕ್ಷಕಿಯಾಗಿ ಬಂದೆ. ಅದಕ್ಕೂ ಮೊದಲು ಕೆಲವು ವರ್ಷ ಧಾರವಾಡದಲ್ಲಿ ಕಲಿಸಿದ್ದೆ. ಮನೆ ಧಾರವಾಡದ ಕೆಲಗೇರಿಯಲ್ಲೇ ಇತ್ತು. ದಿನಾ ಬೆಳಿಗ್ಗೆ ಬಸ್ ಹಿಡಿದು ಬಂದು, ದುರ್ಗದಬೈಲಿನ ಪೇಟೆಯ ಗದ್ದಲ ದಾಟಿ ಶಾಲೆ ಸೇರುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ತಾಯಿ ಹೇಳುತ್ತಿದ್ದಳು. ಮದುವೆಯಾದ ಮೇಲೆ ಗಂಡನೂ ಅದನ್ನೇ ಹೇಳಿದ. ಇಬ್ಬರದೂ ಸುಳ್ಳಲ್ಲ. ಆದರೆ ನಾನು ಈಗ ಹೇಳಹೊರಟಿರುವ ಪ್ರಸಂಗದ ಮಟ್ಟಿಗೆ ಆ ಸಿಟ್ಟು ನನ್ನ ಕೈ ಹಿಡಿಯಿತು ಎಂದೇ ಇಂದಿಗೂ ನಂಬಿದ್ದೇನೆ.

ನಮ್ಮ ಶಾಲೆಯ ಮಕ್ಕಳು ಪೇಟೆಯ ಮಕ್ಕಳು. ಅಂಗಡಿಗಳಲ್ಲಿ ದುಡಿಯುವವರ, ಬಾಳೆಹಣ್ಣಿನ ಗಾಡಿ ತಳ್ಳುವವರ, ರಸ್ತೆ ಬದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತವರ, ಸುತ್ತಲ ಹಳ್ಳಿಗಳಿಂದ ಬಂದು ಹಮಾಲಿ ಮಾಡುವವರ ಮಕ್ಕಳು. ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ತಿದ್ದಿ ಹತ್ತನೆಯದರಲ್ಲಿ ಪ್ರಬಂಧ ಬರೆಯಬೇಕು. ಅವರ ಮನೆಗಳಲ್ಲಿ ಇಂಗ್ಲಿಷ್ ಅನ್ನುವುದು ಸಾಬೂನಿನ ಕಾಗದದ ಮೇಲೆ ಮಾತ್ರ ಇರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಲ್ಲಿ ಹೆಚ್ಚಿನವರು ಫೇಲಾಗುತ್ತಿದ್ದದ್ದು ಅದರಲ್ಲೇ.

ಇವರನ್ನು ದಡ ಮುಟ್ಟಿಸಲು ನಮ್ಮ ಹೆಡ್‌ಮಾಸ್ತರರಾದ ಕಟ್ಟಿ ಸರ್ ಒಂದು ದಾರಿ ಮಾಡಿದ್ದರು. ಅವರೂ ಇಂಗ್ಲಿಷ್ ಶಿಕ್ಷಕರೇ. ಪ್ರತಿ ಪಾಠದ ಪ್ರಶ್ನೋತ್ತರ, ಪ್ರತಿ ಪದ್ಯದ ಸಾರಾಂಶ, ಪತ್ರ, ಪ್ರಬಂಧ ಎಲ್ಲವನ್ನೂ ತಾವೇ ಬರೆದು ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದರು. ಅದಕ್ಕೆ ಎಲ್ಲರೂ ‘ನೋಟ್ಸ್’ ಎನ್ನುತ್ತಿದ್ದರು. ಮಕ್ಕಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದು, ಶಿಕ್ಷಕರು ಒಪ್ಪಿಸಿಕೊಳ್ಳುವುದು, ಇದೇ ಕಲಿಕೆ. ಫಲಿತಾಂಶ ಚೆನ್ನಾಗಿತ್ತು, ಶಾಲೆಗೆ ಹೆಸರಿತ್ತು. ಬಂದ ಹೊಸದರಲ್ಲಿ ನಾನೂ ಇದನ್ನು ತಪ್ಪೆಂದು ಎಣಿಸಲಿಲ್ಲ.

ಅಕ್ಟೋಬರ್‌ನಲ್ಲಿ ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆದವಳು ನಾನೇ. ಪ್ರಬಂಧಕ್ಕೆ ‘ಮೈ ಫಾದರ್’ ಕೊಟ್ಟಿದ್ದೆ. ಸುಲಭದ ವಿಷಯ, ಬರೆಯಲಿ ಮಕ್ಕಳು ಎಂದು. ಮನೆಯಲ್ಲಿ ಚಹಾ ಇಟ್ಟುಕೊಂಡು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಮೊದಲ ಹುಡುಗ ಬರೆದಿದ್ದ: ‘ಮೈ ಫಾದರ್ ಈಸ್ ಎ ಬ್ಯಾಂಕ್ ಆಫೀಸರ್.’ ಅಪ್ಪ ಬಿಳಿ ಅಂಗಿ ತೊಡುತ್ತಾನೆ, ಕಾಫಿ ಕುಡಿಯುತ್ತ ಪೇಪರ್ ಓದುತ್ತಾನೆ, ಸ್ಕೂಟರ್ ಮೇಲೆ ಆಫೀಸಿಗೆ ಹೋಗುತ್ತಾನೆ, ಭಾನುವಾರ ನಮ್ಮನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಾನೆ. ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲ. ಎರಡನೆಯವಳ ಅಪ್ಪನೂ ಬ್ಯಾಂಕ್ ಆಫೀಸರ್, ಮೂರನೆಯವನ ಅಪ್ಪನೂ. ಹುಬ್ಬಳ್ಳಿಯ ಬ್ಯಾಂಕುಗಳನ್ನೆಲ್ಲ ಜಾಲಾಡಿದರೂ ಅಷ್ಟು ಆಫೀಸರರು ಸಿಗುತ್ತಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಅಡಿಗೆಮನೆಯಲ್ಲಿದ್ದ ಗಂಡನನ್ನು ಕರೆದು ಓದಿ ತೋರಿಸಿದೆ.

ಆಮೇಲೆ ಒಬ್ಬ ಹುಡುಗಿಯ ಪತ್ರಿಕೆ ಕೈಗೆ ಬಂತು. ಅವಳ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು, ನನಗೆ ಗೊತ್ತಿತ್ತು. ಅವಳೂ ಬರೆದಿದ್ದಳು, ಅಪ್ಪ ದಿನಾ ಸ್ಕೂಟರ್ ಮೇಲೆ ಆಫೀಸಿಗೆ ಹೋಗುತ್ತಾನೆ ಎಂದು. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಪುಟ ಹಿಂದಕ್ಕೆ ತಿರುವಿದರೆ ಅಲ್ಲಿ ಪಠ್ಯದ ಪದ್ಯವೊಂದರ ಸಾರಾಂಶವಿತ್ತು. ಹೊಳೆಯಲ್ಲಿ ದೋಣಿ ನಡೆಸುವ ಒಬ್ಬ ಅಂಬಿಗನ ಮೇಲಿನ ಪದ್ಯ ಅದು. ‘ಈ ಕವಿತೆ ದುಡಿಮೆಯ ಘನತೆಯನ್ನು ಎತ್ತಿ ಹಿಡಿಯುತ್ತದೆ’ ಎಂದು ನೋಟ್ಸಿನ ಮಾತನ್ನು ಎಲ್ಲರೂ ಅಚ್ಚುಕಟ್ಟಾಗಿ ಇಳಿಸಿದ್ದರು. ಒಂದು ಪುಟದಲ್ಲಿ ದುಡಿಮೆಯ ಘನತೆ, ಮುಂದಿನ ಪುಟದಲ್ಲಿ ದುಡಿಯುವ ಅಪ್ಪನೇ ನಾಪತ್ತೆ! ಮೈಯೆಲ್ಲ ಉರಿಯಿತು. ಇಡೀ ತರಗತಿಗೆ ಪ್ರಬಂಧಕ್ಕೆ ಸೊನ್ನೆ ಹಾಕಿದೆ.

ಮರುದಿನ ತರಗತಿಯಲ್ಲಿ ಪತ್ರಿಕೆ ಹಂಚಿ, "ಬ್ಯಾಂಕ್ ಆಫೀಸರ್ ಮಕ್ಕಳೆಲ್ಲ ಎದ್ದು ನಿಂದರ್ರಿ" ಎಂದೆ. ಯಾರೂ ಏಳಲಿಲ್ಲ, ತಲೆ ತಗ್ಗಿಸಿದರು. ಕೊನೆಗೆ ಹಿಂದಿನ ಬೆಂಚಿನಿಂದ ರೇಣುಕಾ ಎದ್ದಳು. ಅಮ್ಮಿನಬಾವಿಯಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದ ಮನೆತನದ ಹುಡುಗಿ. ಓದಿನಲ್ಲಿ ಸಾಧಾರಣ, ಇಂಗ್ಲಿಷಿನಲ್ಲಿ ಅದಕ್ಕಿಂತ ಕಡಿಮೆ.

"ಟೀಚರ್, ನಮ್ಮಪ್ಪ ಮದುವಿ ಬ್ಯಾಂಡಿನ್ಯಾಗ ಕ್ಲಾರ್ನೆಟ್ ಊದತಾನ್ರಿ. ಅದನ್ನ ಬರದ್ರ ಮಾರ್ಕ್ ಸಿಗತಾವೇನ್ರಿ?"

ತರಗತಿ ಗೊಳ್ಳೆಂದಿತು. "ಸಿಗತಾವ. ನಾ ಕೊಡತೇನಿ" ಎಂದೆ.

"ನೀವ ಕೊಡತೀರಿ ಟೀಚರ್. ದೊಡ್ಡ ಪರೀಕ್ಷಾದಾಗ ಕೊಡತಾರೇನ್ರಿ?"

ಅವಳು ಉದ್ಧಟತನದಿಂದ ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು. ಖಾತ್ರಿ ನನಗೂ ಇರಲಿಲ್ಲ. ಆದರೂ ಕೊಡತಾರ ಎಂದೇ ಹೇಳಿದೆ.

ಅಂದಿನಿಂದ ನಾನು ಪದ್ಧತಿ ಬದಲಿಸಿದೆ. ದಿನಕ್ಕೆ ಐದು ವಾಕ್ಯ ಬರೆದು ತರಬೇಕು, ತಾವು ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ತಪ್ಪಾದರೂ ಚಿಂತೆಯಿಲ್ಲ. ಆರಂಭದಲ್ಲಿ ಬಂದದ್ದೆಲ್ಲ ಬೆಳಗಿನ ಸೂರ್ಯ, ಹಾಡುವ ಹಕ್ಕಿ. "ದುರ್ಗದಬೈಲಿನಾಗ ಯಾವ ಹಕ್ಕಿ ಹಾಡತೈತಿ, ನನಗೂ ತೋರಿಸ್ರಿ" ಎಂದು ಗದರಿದೆ. ನಿಧಾನವಾಗಿ ಬಾಳೆಹಣ್ಣಿನ ಗಾಡಿ ಬಂತು, ನಳದ ಮುಂದಿನ ಜಗಳ ಬಂತು, ಸೋರುವ ಪತ್ರಾಸ್ ತಗಡಿನ ಚಾವಣಿ ಬಂತು. ವಾಕ್ಯಗಳು ಒಡೆದ ಕೊಡದಂತೆ ಎಲ್ಲೆಂದರಲ್ಲಿ ಸೋರುತ್ತಿದ್ದವು. ತಿದ್ದಿ ತಿದ್ದಿ ನನ್ನ ಕೈ ಸೋತಿತು, ಆದರೆ ಕೆಲಸ ಮಾಡಿದೆ ಎನ್ನಿಸುತ್ತಿತ್ತು.

ಅಂಬಿಗನ ಪದ್ಯವನ್ನೂ ನೋಟ್ಸ್ ಮುಚ್ಚಿಸಿ ಮತ್ತೆ ಓದಿಸಿದೆ. ದುಡಿಮೆಯ ಘನತೆಯ ಸುದ್ದಿ ಎತ್ತಲಿಲ್ಲ. "ದೋಣಿ ದಡಕ್ಕ ಬಂದ ಮ್ಯಾಲೆ ಯಾರು ಯಾರು ಇಳದ್ರು?" ಎಂದು ಕೇಳಿದೆ. ಎಲ್ಲರೂ ಇಳಿದರು ಎಂದರು. "ಎಲ್ಲಾರೂ?" ಮಕ್ಕಳು ಪುಸ್ತಕ ನೋಡಿದರು. ರೇಣುಕಾ ಹೇಳಿದಳು: "ಅಂಬಿಗ ಇಳೀಲಿಲ್ರಿ. ನಮ್ಮಪ್ಪನೂ ಹಂಗ ರಿ ಟೀಚರ್. ಎಲ್ಲಾರನೂ ಮಂಟಪದ ಬಾಗಲಾ ಮುಟ್ಟಸತಾನ, ತಾ ಹೊರಗ ನಿಂದರತಾನ." ಈ ಸಲ ತರಗತಿ ನಗಲಿಲ್ಲ. ಅಷ್ಟು ವರ್ಷದಲ್ಲಿ ನನ್ನ ತರಗತಿಯಲ್ಲಿ ಯಾರಾದರೂ ಒಂದು ಪದ್ಯವನ್ನು ನಿಜವಾಗಿ ಓದಿದ್ದು ಅದೇ ಮೊದಲು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಸುದ್ದಿ ಕಟ್ಟಿ ಸರ್ ಕಿವಿಗೆ ಹೋಯಿತು. ಕರೆಸಿದರು. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದು ಫೇಲಾಗುವ ಮಕ್ಕಳನ್ನು ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳುತ್ತಿದ್ದವರು.

"ಪರೀಕ್ಷಕರ ಮುಂದ ಕಾಗದದ ರಾಶಿ ಇರತದ್ರಿ. ಗುರ್ತಿನ ವಾಕ್ಯ ಕಂಡ್ರ ರೈಟ್ ಹಾಕತಾರ, ಇಲ್ಲಾಂದ್ರ ತಪ್ಪು ಎಣಸತಾರ. ನಮ್ಮ ಮಕ್ಕಳಿಗೆ ಪಾಸ್ ಆಗೂದು ಮುಖ್ಯ. ನೀವು ಸಾಹಿತ್ಯ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮಕ್ಕಳ ಬೆನ್ನ ಮ್ಯಾಲೆ ಕೂತು ಮಾಡಬ್ಯಾಡ್ರಿ."

"ಸರ್, ಅಪ್ಪ ಇಲ್ಲದ ಹುಡುಗಿ ಅಪ್ಪ ಸ್ಕೂಟರ್ ಮ್ಯಾಲೆ ಹೋಗತಾನ ಅಂತ ಬರದಾಳ. ಅದಕ್ಕ ಏಳು ಮಾರ್ಕ್ ಕೊಡಬೇಕೇನ್ರಿ?"

"ಇಂಗ್ಲಿಷ್ ಪೇಪರ್ ಅದು, ಕೋರ್ಟಿನ ಸಾಕ್ಷಿ ಅಲ್ಲ" ಎಂದರು. ಮಾತು ಅಲ್ಲಿಗೆ ನಿಂತಿತು. ನಾನು ನನ್ನ ಐದು ವಾಕ್ಯ ನಿಲ್ಲಿಸಲಿಲ್ಲ.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಎಸ್ಸೆಸ್ಸೆಲ್ಸಿಗೆ ಮುಂಚೆ ಶಾಲೆಯೇ ನಡೆಸುವ ತಾಲೀಮು ಇದು. ನಮ್ಮಲ್ಲಿ ಎರಡು ರೂಢಿಗಳಿದ್ದವು. ಒಂದು, ಈ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗಳನ್ನು ಹೆಡ್‌ಮಾಸ್ತರರೇ ನೋಡುವುದು. ಎರಡು, ಇದರಲ್ಲಿ ಫೇಲಾದವರಿಗೆ ಹಾಲ್ ಟಿಕೆಟ್ ಕೊಡದೆ "ಈ ವರ್ಷ ಬ್ಯಾಡ, ಮುಂದಿನ ಸಲ ಕಟ್ಟು" ಎಂದು ಮನೆಗೆ ಕಳಿಸುವುದು. ಶಾಲೆಯ ಫಲಿತಾಂಶ ಕೆಡಬಾರದಲ್ಲ! ಈ ಎರಡನೆಯದು ಯಾವ ನಿಯಮದಲ್ಲೂ ಇರಲಿಲ್ಲ, ಆದರೆ ಪಾಲಕರಿಗೆ ಅದು ಗೊತ್ತಿರಲಿಲ್ಲ.

ಪ್ರಬಂಧಕ್ಕೆ ‘ಮೈ ಫಾದರ್’ ಮತ್ತೆ ಬಂದಿತ್ತು. ಹೆಚ್ಚಿನ ಮಕ್ಕಳು ಹೆದರಿ ಬ್ಯಾಂಕ್ ಆಫೀಸರನನ್ನೇ ಆಶ್ರಯಿಸಿದ್ದರು. ಅವರನ್ನು ನಾನು ಬೈಯಲಿಲ್ಲ. ಕೆಲವರು ಸ್ವಂತ ಅಪ್ಪನನ್ನು ಬರೆದು ಎರಡೋ ಮೂರೋ ಅಂಕ ಪಡೆದು, ಬೇರೆ ಪ್ರಶ್ನೆಗಳ ಬಲದ ಮೇಲೆ ಪಾಸಾಗಿದ್ದರು. ರೇಣುಕಾಳಿಗೆ ಆ ಬಲ ಇರಲಿಲ್ಲ. ಪ್ರಬಂಧಕ್ಕೆ ಹತ್ತಕ್ಕೆ ಒಂದು, ಒಟ್ಟು ಮೂವತ್ತೆರಡು. ಮೂರು ಅಂಕಕ್ಕೆ ಫೇಲು.

‘ಮುಂದಿನ ಸಲ’ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಕ್ಕನಿಗೂ ಇದೇ ಶಾಲೆ ಇದೇ ಮಾತು ಹೇಳಿತ್ತು. ಆ ಮುಂದಿನ ಸಲ ಬರಲೇ ಇಲ್ಲ. ಅಕ್ಕ ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ಗಿರಾಕಿಗಳಿಗೆ ಬಳೆ ತೊಡಿಸುತ್ತಿದ್ದಳು. ಅದೇ ಅಂಗಡಿಯವರು ತಂಗಿಗೂ ಜಾಗ ಇದೆ ಎಂದು ಆಗಲೇ ಹೇಳಿ ಕಳಿಸಿದ್ದರು.

ಕಟ್ಟಿ ಸರ್ ಅವಳ ತಂದೆ ಹನಮಂತಪ್ಪನವರನ್ನು ಕರೆಸಿದರು. ನಾನೂ ಹೋದೆ, ಕರೆಯದಿದ್ದರೂ ಹೋಗುತ್ತಿದ್ದೆ. ಹನಮಂತಪ್ಪ ಮದುವೆಯ ನಡುವೆ ಬಿಡುವು ಮಾಡಿಕೊಂಡು ನೇರ ಬಂದಿದ್ದರು. ಮೈಮೇಲೆ ಬ್ಯಾಂಡಿನ ಕೆಂಪು ಕೋಟು, ಭುಜದ ಮೇಲೆ ಜರಿಯ ಗೊಂಡೆ, ಕಂಕುಳಲ್ಲಿ ಟೋಪಿ, ಕೈಯಲ್ಲಿ ಬಟ್ಟೆಯ ಚೀಲದೊಳಗೆ ಕ್ಲಾರ್ನೆಟ್. ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತರು. ರೇಣುಕಾ ಮೇಜಿನ ಈಚೆ ನಿಂತಿದ್ದಳು.

"ನಾ ಏನು ಆಕಿ ವೈರಿ ಅಲ್ಲ. ಇಲ್ಲೇ ಕೂತು ಪ್ರಬಂಧ ಮತ್ತೊಮ್ಮೆ ಬರೀಲಿ, ನೋಟ್ಸಿನ್ಯಾಗ ಇದ್ದಂಗ. ಮಾರ್ಕ್ ಹಾಕತೀನಿ, ಹಾಲ್ ಟಿಕೆಟ್ ಕೊಡತೀನಿ. ಮುಗೀತು" ಎಂದರು ಕಟ್ಟಿ ಸರ್.

ಹನಮಂತಪ್ಪ ಕೇಳಿದರು: "ಈಗ ಬರದಿದ್ದರಾಗ ಏನೈತ್ರಿ ಸರ?"

ಕಟ್ಟಿ ಸರ್ ಪತ್ರಿಕೆಯನ್ನು ನನ್ನ ಕಡೆ ತಳ್ಳಿದರು. ರೇಣುಕಾಳ ಕುಂಟು ಇಂಗ್ಲಿಷನ್ನು ಕನ್ನಡ ಮಾಡಿ ಅವರಪ್ಪನ ಎದುರು ಓದಬೇಕಾಯಿತು. ಅವಳು ಬರೆದದ್ದು ಹೀಗಿತ್ತು: ‘ನನ್ನ ಅಪ್ಪ ಎಲ್ಲರ ಮದುವೆಗೂ ಹೋಗುತ್ತಾನೆ. ಯಾವ ಮದುವೆಯಲ್ಲೂ ಪಂಕ್ತಿಯಲ್ಲಿ ಕೂತು ಉಂಡಿಲ್ಲ. ಅವನ ಕೋಟು ಕೆಂಪು, ಗುಂಡಿ ಬಂಗಾರದ ಬಣ್ಣ. ಕೋಟು ಅವನದಲ್ಲ, ಬ್ಯಾಂಡ್ ಕಂಪನಿಯದು. ಮದುವೆ ದಿನಗಳಲ್ಲಿ ಅವನ ತುಟಿ ಬಾತಿರುತ್ತದೆ, ಬಿಸಿ ರೊಟ್ಟಿ ತಿನ್ನಲು ಆಗುವುದಿಲ್ಲ, ಅವ್ವ ಹಾಲಿನಲ್ಲಿ ನೆನೆಸಿ ಕೊಡುತ್ತಾಳೆ. ನಮ್ಮ ಓಣಿಯಲ್ಲಿ ಮೆರವಣಿಗೆ ಬಂದರೆ ಮೊದಲು ನಾನು ಒಳಗೆ ಓಡುತ್ತಿದ್ದೆ. ಈಗ ಓಡುವುದಿಲ್ಲ.’

ಓದಿ ಮುಗಿಸಿ ಹೇಗೋ ತಲೆ ಎತ್ತಿದೆ. ಹನಮಂತಪ್ಪ ಕೋಟಿನ ಗುಂಡಿಯೊಂದನ್ನು ತಿರುವುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚ ಇತ್ತು.

"ಯವ್ವಾ ರೇಣಿ, ಇದನೆಲ್ಲಾ ಯಾಕ ಬರಿಯಾಕ ಹೋದಿ? ಸರ್ ಹೇಳಿದಂಗ ಬರದಬಿಡು. ಒಂದ ಗಳಿಗಿ ಬ್ಯಾಂಕ್ ಸಾಹೇಬ ಆದ್ರ ನನಗೇನು ತ್ರಾಸೈತಿ? ಕೋಟಂತೂ ಮೈಮ್ಯಾಲೆ ಐತಿ."

ಅವರು ನಗಿಸಲು ನೋಡಿದರು. ಕಟ್ಟಿ ಸರ್ ಕೂಡ ತುಟಿ ಸಡಿಲಿಸಿದರು. ರೇಣುಕಾ ನಗಲಿಲ್ಲ.

"ನಾ ಬರಿಯೂದಿಲ್ಲಪಾ."

"ಹುಚ್ಚಿ! ವರ್ಷಾ ಹೋಗತೈತಿ."

"ಹೋಗ್ಲಿ. ನೀ ಬ್ಯಾಂಕ್ ಸಾಹೇಬ ಆದ್ರ, ಊದಿ ಊದಿ ನನ್ನ ಸಾಲಿಗೆ ಕಳಿಸಿದಾಂವ ಯಾರು?"

ಕಟ್ಟಿ ಸರ್ ನನ್ನ ಕಡೆ ತಿರುಗಿ, "ನೀವರ ಬುದ್ಧಿ ಹೇಳ್ರಿ. ನೀವು ಹಚ್ಚಿದ ಬೆಂಕಿ ಇದು" ಎಂದರು.

"ಆಕಿಗೆ ಬುದ್ಧಿ ಅದ ಸರ್. ಹಾಲ್ ಟಿಕೆಟ್ ತಡೀಲಿಕ್ಕೆ ಯಾವ ನಿಯಮ ಅದ, ಅದನ್ನ ಮೊದಲು ತೋರಿಸ್ರಿ. ಇಲ್ಲಾಂದ್ರ ನಾಳೆ ಈಕಿನ್ನ ಕರ್ಕೊಂಡು ಧಾರವಾಡದ ಇಲಾಖೆ ಆಫೀಸಿಗೆ ಹೋಗತೇನಿ."

"ಧಮಕಿ ಏನ್ರಿ ಇದು?"

"ಹೌದ್ರಿ ಸರ್, ಧಮಕೀನ."

ಇಂಥ ಮಾತಿಗೆ ಏನಾಗಬಹುದು ಎಂದು ನನಗೆ ಗೊತ್ತಿತ್ತು. ಆಡಿದ್ದಕ್ಕೆ ಹಗುರ ಎನ್ನಿಸಿತು. ಕಟ್ಟಿ ಸರ್ ಕೆಂಪಾದರು. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ರೇಣುಕಾಳ ಮುಂದೆ ಎಸೆದಂತೆ ಇಟ್ಟರು. "ಬರಿ. ನಿನಗ ತಿಳದಂಗ ಬರಿ. ನಾಲ್ಕು ಮಾರ್ಕಿಗೆ ಯೋಗ್ಯ ಆಗತದೋ ಇಲ್ಲೋ ನೋಡತೀನಿ."

ಅವಳು ಮೇಜಿನ ಮೂಲೆಯಲ್ಲಿ ಬಗ್ಗಿ ನಿಂತೇ ಬರೆದಳು. ನಡುನಡುವೆ ನಿಲ್ಲಿಸಿ, ಪೆನ್ನಿನ ತುದಿ ಕಚ್ಚಿ, ಮತ್ತೆ ಬರೆದಳು. ಹನಮಂತಪ್ಪ ಹೊರಗಿನ ಸದ್ದಿಗೆ ಕಿವಿಗೊಟ್ಟು ಚಡಪಡಿಸುತ್ತಿದ್ದರು. ಮಂಟಪದಲ್ಲಿ ಮೆರವಣಿಗೆ ಹೊರಡುವ ಹೊತ್ತಾಗಿತ್ತು. ಬರೆದು ಮುಗಿಸಿ ಅವಳು ಹಾಳೆಯನ್ನು ಕಟ್ಟಿ ಸರ್ ಕೈಗೆ ಕೊಟ್ಟಳು.

ಅವರು ಓದಿದರು. ಆಮೇಲೆ ಕೊನೆಯ ಸಾಲುಗಳಿಗೆ ಹಿಂತಿರುಗಿ ಇನ್ನೊಮ್ಮೆ ಓದಿದ್ದನ್ನು ನಾನು ಕಂಡೆ. ಆ ಹಾಳೆ ಆಮೇಲೆ ನನ್ನ ಕೈಗೂ ಬಂತು. ಮೊದಲಿನದೇ ಅಪ್ಪ, ಮೊದಲಿನದೇ ಕೋಟು. ಕೊನೆಗೆ ಹೊಸದಾಗಿ ಸೇರಿದ್ದು ಇಷ್ಟು: ‘ಇವತ್ತು ನನ್ನ ಅಪ್ಪ ನನ್ನ ಶಾಲೆಗೆ ಬಂದಿದ್ದಾನೆ. ಈ ಕೋಣೆಯಲ್ಲಿ ಮೂರು ಖುರ್ಚಿ ಖಾಲಿ ಇವೆ. ಅಪ್ಪ ನಿಂತಿದ್ದಾನೆ. ನಿಲ್ಲುವುದು ಅವನಿಗೆ ರೂಢಿಯಾಗಿದೆ. ನನಗೆ ಆಗಿಲ್ಲ.’

ಕಟ್ಟಿ ಸರ್ ಕೆಂಪು ಪೆನ್ನು ತೆಗೆದು ತಪ್ಪುಗಳಿಗೆ ಒಂದೊಂದಾಗಿ ಗೆರೆ ಎಳೆದರು. ಬೇಕಾದಷ್ಟಿದ್ದವು. ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಅಂಚಿನಲ್ಲಿ ಐದು ಎಂದು ಬರೆದರು.

"ಟೆನ್ಸ್ ಪೂರಾ ಹದಗೆಟ್ಟದ. ಮಾರ್ಚ್ ಒಳಗ ಸರಿ ಮಾಡಿಕೋ" ಎಂದರು ಅವಳಿಗೆ. ನಂತರ ಹನಮಂತಪ್ಪನವರ ಕಡೆ ನೋಡಿ, ಒಂದು ಖಾಲಿ ಖುರ್ಚಿಯತ್ತ ಕೈ ಚಾಚಿ, "ಕೂಡ್ರಿ" ಎಂದರು.

ಇಂಗ್ಲಿಷ್ ಬಾರದ ಹನಮಂತಪ್ಪನವರಿಗೆ ಮಗಳು ಏನು ಬರೆದಳೆಂದು ಗೊತ್ತಿರಲಿಲ್ಲ. "ಬ್ಯಾಡ್ರೀ ಸರ, ಮೆರವಣಿಗಿ ಹೊಂಡತೈತಿ. ನಾ ಇಲ್ಲಂದ್ರ ಅಲ್ಲಿ ಮದುಮಗಾ ಹೆಜ್ಜಿ ಎತ್ತೂದಿಲ್ಲ" ಎಂದು ಟೋಪಿ ಏರಿಸಿ, ಕೈ ಮುಗಿದು, ಹೊರಟೇ ಹೋದರು. ಕಟ್ಟಿ ಸರ್ ಆ ಖುರ್ಚಿಯತ್ತ ಚಾಚಿದ ಕೈಯನ್ನು ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಆ ದಿನ ನನಗೆ ಅವರ ಬಗ್ಗೆ ಕನಿಕರವೂ ಬಂತು, ಸುಳ್ಳು ಹೇಳಲಾರೆ.

ರೇಣುಕಾ ಆ ವರ್ಷವೇ ಪರೀಕ್ಷೆಗೆ ಕೂತು ಪಾಸಾದಳು. ಇಂಗ್ಲಿಷಿನಲ್ಲಿ ನಲವತ್ತರ ಮೇಲೆ ಒಂದೆರಡು, ಅಷ್ಟೇ. ಪವಾಡವೇನೂ ನಡೆಯಲಿಲ್ಲ. ಅಂದಿನ ಪ್ರಬಂಧ ಮರಗಳ ಉಪಯೋಗದ ಮೇಲೆ ಇತ್ತಂತೆ. "ನಮ್ಮ ಓಣ್ಯಾಗ ಒಂದ ಮರಾನೂ ಇಲ್ಲ ಅಂತ ಬರದೇನ್ರಿ ಟೀಚರ್, ಬಿಸಲಾಗ ಏನೇನಾಗತೈತಿ ಅಂತ ಬರದೇನ್ರಿ" ಎಂದು ಹೇಳಿ ಹೋದಳು. ಬಳೆ ಅಂಗಡಿಗೆ ಹೋಗಲಿಲ್ಲ, ಕಾಲೇಜಿಗೆ ಹೋದಳು.

ನನಗೆ ಸಿಗಬೇಕಾದದ್ದು ಜೂನ್‌ನಲ್ಲಿ ಸಿಕ್ಕಿತು. "ಹತ್ತನೇತ್ತಾ ನಿಮಗ ಭಾಳ ಭಾರ ಆಗತದ, ಎಂಟನೇತ್ತಾ ತಗೊಳ್ರಿ" ಎಂದರು ಕಟ್ಟಿ ಸರ್. ಶಿಕ್ಷಕರ ಕೋಣೆಯಲ್ಲಿ ಕೆಲವರು ಅಯ್ಯೋ ಎಂದರು. ನಾನು ಖುಷಿಯಿಂದಲೇ ತೆಗೆದುಕೊಂಡೆ. ಮೊದಲು ಅವರು ಮಕ್ಕಳನ್ನು ನನ್ನ ಕೈಗೆ ಕೊಟ್ಟಿದ್ದು ಬ್ಯಾಂಕ್ ಆಫೀಸರ್ ತಲೆಯಲ್ಲಿ ಮನೆ ಮಾಡಿದ ಮೇಲೆ. ಈಗ ಅವನು ಸ್ಕೂಟರ್ ಹತ್ತುವ ಮೊದಲೇ ಮಕ್ಕಳು ನನಗೆ ಸಿಕ್ಕಿದರು. ದಿನಕ್ಕೆ ಐದು ವಾಕ್ಯ, ಅದೇ ಮಕ್ಕಳ ಜೊತೆ ಹತ್ತನೆಯದರ ತನಕ ಮೂರು ವರ್ಷ. ಕಟ್ಟಿ ಸರ್ ಸೇವೆಯಲ್ಲಿ ಇರುವತನಕ ನೋಟ್ಸ್ ಹಂಚಿದರು, ನಾನು ಮಕ್ಕಳಿಂದ ಅದನ್ನು ಮುಚ್ಚಿಸಿದೆ. ನಾವಿಬ್ಬರೂ ಕೊನೆಯವರೆಗೂ ಒಬ್ಬರ ಮಾತನ್ನು ಒಬ್ಬರು ಒಪ್ಪಲಿಲ್ಲ. ಚಹಾ ಮಾತ್ರ ಒಟ್ಟಿಗೇ ಕುಡಿಯುತ್ತಿದ್ದೆವು.

ನಿವೃತ್ತಿಯಾದ ಮೇಲೂ ಹೊಸ ಶಿಕ್ಷಕರು ಆಗಾಗ ಮನೆಗೆ ಬರುತ್ತಾರೆ. ಮಕ್ಕಳ ಇಂಗ್ಲಿಷ್ ತಪ್ಪಿನಿಂದ ತುಂಬಿರುತ್ತದೆ, ನೋಟ್ಸ್ ಕೊಡದೆ ಗತಿಯಿಲ್ಲ ಎನ್ನುತ್ತಾರೆ. ನಾನು ಹೇಳುವುದು ಇಷ್ಟೇ. ತಪ್ಪು ವಾಕ್ಯ ತಂದ ಮಗುವಿಗೆ ಕಲಿಸಬಹುದು, ತಿದ್ದಲು ಅಲ್ಲಿ ಏನಾದರೂ ಇರುತ್ತದೆ. ಅಂದವಾದ ಸುಳ್ಳು ತಂದ ಮಗುವಿನ ಹಾಳೆಯಲ್ಲಿ ತಿದ್ದಲು ಏನೂ ಸಿಗುವುದಿಲ್ಲ. ಫಲಿತಾಂಶ ಇಳಿದರೆ ಏನು ಮಾಡುವುದು ಎಂದು ಕೇಳುತ್ತಾರೆ. ಇಳಿಯಲಿ ಎನ್ನುತ್ತೇನೆ. ಮೊದಲು ಮಗುವಿಗೆ ಅದರ ಅಪ್ಪನನ್ನು ವಾಪಸು ಕೊಡಿ, ಇಂಗ್ಲಿಷನ್ನು ಆಮೇಲೆ ಕೊಡಿ.